ಮುನ್ನೂರಾರು ಕಿಲೋಮೀಟರಿಗೆ ಎಷ್ಟು ಹೊತ್ತು? ಬೆಂಗಳೂರು–ಮಂಗಳೂರು ವಿಮಾನಯಾನದ ವಿಮರ್ಶೆ

ಬೆಂಗಳೂರಿನಿಂದ ಮಂಗಳೂರಿಗೆ ಆಕಾಶಮಾರ್ಗದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಎಂದು ಅಂತರಜಾಲದ ದೂರಮಾಪಕಗಳನ್ನು ಕೇಳಿದರೆ ಕಣ್ಣು ಮಿಟುಕಿಸುವುದರೊಳಗೆ ಉತ್ತರ ಸಿಗುತ್ತದೆ. ಆದರೆ ಎರಡು ಮಾಪಕಗಳನ್ನು ಕೇಳಿದರೆ ಎರಡು ಉತ್ತರ ಸಿಗುತ್ತದೆ. ದೂರ ಒಂದರಲ್ಲಿ 298 ಕಿ.ಮೀ. ಇದ್ದರೆ ಮತ್ತೊಂದರಲ್ಲಿ 306 ಕಿ.ಮೀ. ಇರುತ್ತದೆ, ಹೊತ್ತಂತೂ 22 ನಿಮಿಷದಿಂದ ಹಿಡಿದು ಒಂದು ಗಂಟೆ ಹತ್ತು ನಿಮಿಷದವರೆಗೆ ಎಲ್ಲಿ ಬೇಕಾದರೂ ನಿಲ್ಲುತ್ತದೆ. ನಾನು ಜಯನಗರದಲ್ಲಿ ವಾಸಿಸುವವನು, ಹುಟ್ಟೂರು ಉಪ್ಪಿನಂಗಡಿಯ ಸಮೀಪ, ಹೆಂಡತಿಯ ತವರು ಉಡುಪಿ. ಹೀಗಾಗಿ ಘಟ್ಟ ಇಳಿಯುವುದು ನಮ್ಮ ಮನೆಯಲ್ಲಿ ವರ್ಷಕ್ಕೆ ಐದಾರು ಬಾರಿ ನಡೆಯುವ ಕಾರ್ಯಕ್ರಮ. ಕಳೆದ ಕೆಲವು ವರ್ಷಗಳಲ್ಲಿ ಹನ್ನೊಂದು ಬಾರಿ ವಿಮಾನದಲ್ಲಿ ಹೋಗಿಬಂದಾಗ, ಮನೆಯ ಬಾಗಿಲಿಗೆ ಬೀಗ ಹಾಕಿದ ಗಳಿಗೆಯಿಂದ ಆಚೆಯ ಮನೆಯ ಮೆಟ್ಟಿಲು ಹತ್ತಿದ ಗಳಿಗೆಯವರೆಗೆ ಪ್ರತಿ ಹಂತದ ಸಮಯವನ್ನೂ ಒಂದು ಸಣ್ಣ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಈ ವಿಮರ್ಶೆಗೆ ಆಧಾರ ಆ ಪುಸ್ತಕ.

ಎರಡು ದೂರಗಳಲ್ಲಿ ಯಾವುದೂ ಸುಳ್ಳಲ್ಲ, ಅಳತೆ ಹಿಡಿದ ಜಾಗ ಬೇರೆ ಅಷ್ಟೆ. 298 ಕಿ.ಮೀ. ಎಂಬುದು ಎರಡೂ ನಗರಗಳ ನಡುಮಧ್ಯದ ಬಿಂದುಗಳಿಗೆ ದಾರ ಕಟ್ಟಿ ಎಳೆದರೆ ಬರುವ ಉದ್ದ, 306 ಕಿ.ಮೀ. ಎಂಬುದು ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಮಂಗಳೂರಿನ ಬಜ್ಪೆಯ ನಿಲ್ದಾಣಕ್ಕೂ ನಡುವಿನ ಉದ್ದ. ವಿಮಾನ ಮೆಜೆಸ್ಟಿಕ್ಕಿನಿಂದ ಹಾರುವುದಿಲ್ಲವಾದ್ದರಿಂದ ಪ್ರಯಾಣಿಕನಿಗೆ ಬೇಕಾದದ್ದು ಎರಡನೆಯ ಸಂಖ್ಯೆ. ಈ ವಿಷಯದಲ್ಲಿ ನಾನು ಬಳಸಿ ನೋಡಿದ ಉಚಿತ ಸಾಧನಗಳ ಪೈಕಿ ‘ಗ್ರೇಟ್ ಸರ್ಕಲ್ ಮ್ಯಾಪರ್’ ಎಂಬುದು ನಂಬಿಕೆಗೆ ಅರ್ಹವಾದದ್ದು. ಅದು ಊರಿನ ಹೆಸರಿನ ಬದಲು ನಿಲ್ದಾಣದ ಸಂಕೇತಾಕ್ಷರಗಳನ್ನು ಕೇಳುತ್ತದೆ. ಬಿಎಲ್‌ಆರ್ ಮತ್ತು ಐಎಕ್ಸ್‌ಇ ಎಂದು ಕೊಟ್ಟರೆ ಭೂಮಿಯ ಗೋಳಾಕಾರವನ್ನು ಗಣಿಸಿ ಅತಿ ಕಡಿಮೆ ದೂರದ ಗೆರೆಯನ್ನು ಎಳೆದು ತೋರಿಸುತ್ತದೆ. ವೈಮಾನಿಕರ ಲೆಕ್ಕದಲ್ಲಿ ಅದು ಸುಮಾರು 165 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ.

ಎಂಟು ಕಿಲೋಮೀಟರಿನ ಈ ವ್ಯತ್ಯಾಸದ ಹಿಂದೆ ಬೆಂಗಳೂರಿನ ಪ್ರಯಾಣಿಕ ಅನುಭವಿಸುವ ಒಂದು ವಿಚಿತ್ರ ಅಡಗಿದೆ. ದೇವನಹಳ್ಳಿಯ ನಿಲ್ದಾಣ ಇರುವುದು ನಗರದ ಈಶಾನ್ಯಕ್ಕೆ, ಮೆಜೆಸ್ಟಿಕ್ಕಿನಿಂದ ಸುಮಾರು 35 ಕಿ.ಮೀ. ದೂರದಲ್ಲಿ, ಮಂಗಳೂರು ಇರುವುದು ಪಶ್ಚಿಮಕ್ಕೆ. ಅಂದರೆ ಮಂಗಳೂರು ತಲುಪಬೇಕಾದವನು ಮೊದಲು ಒಂದೂವರೆ ಗಂಟೆ ಮಂಗಳೂರಿಗೆ ಬೆನ್ನು ಹಾಕಿ ಪ್ರಯಾಣ ಮಾಡಬೇಕು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ಆರಂಭವಾಗುವವರೆಗೆ ಹಳೆಯ ಎಚ್‌ಎಎಲ್ ನಿಲ್ದಾಣದಿಂದ ಹಾರಿದವರಿಗೆ ಈ ಬಾಧೆ ಇಷ್ಟಿರಲಿಲ್ಲ. ಆಗ ಜಯನಗರದಿಂದ ಆಟೋರಿಕ್ಷಾದಲ್ಲಿ ವಿಮಾನಕ್ಕೆ ಹೋದವರನ್ನು ನಾನು ಬಲ್ಲೆ. ಇವತ್ತು ಹಾಗೆ ಹೇಳಿದರೆ ಮಕ್ಕಳು ನಗುತ್ತಾರೆ.

ದೂರಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ಹೊತ್ತಿನ ಲೆಕ್ಕ. ಬಹುತೇಕ ಮಾಪಕಗಳು ಮಾಡುವುದು ಸರಳ ಭಾಗಾಕಾರ: ಜೆಟ್ ವಿಮಾನದ ವೇಗ ಗಂಟೆಗೆ 850 ಕಿ.ಮೀ. ಎಂದಿಟ್ಟುಕೊಂಡು 306ನ್ನು ಅದರಿಂದ ಭಾಗಿಸಿದರೆ 22 ನಿಮಿಷ ಬರುತ್ತದೆ. ಸ್ವಲ್ಪ ಲೋಕಜ್ಞಾನವಿರುವ ಮಾಪಕಗಳು ಇದಕ್ಕೆ ಏರುವ ಮತ್ತು ಇಳಿಯುವ ಬಾಬ್ತಿಗೆ ಅರ್ಧ ಗಂಟೆಯನ್ನು ಕೂಡಿಸಿ 52 ನಿಮಿಷ ಎನ್ನುತ್ತವೆ. ಈ ಎರಡನೆಯ ಉತ್ತರ ಸತ್ಯಕ್ಕೆ ಹತ್ತಿರ ಬರುವುದು ನಿಜವಾದರೂ ಅದು ಗುರಿ ಇಟ್ಟು ಹೊಡೆದದ್ದಲ್ಲ, ತಾನಾಗಿ ತಗುಲಿದ್ದು. ಏಕೆಂದರೆ ಈ ಮಾರ್ಗದಲ್ಲಿ ವಿಮಾನ 850 ಕಿ.ಮೀ. ವೇಗದಲ್ಲಿ ನೆಮ್ಮದಿಯಾಗಿ ಹಾರುವ ಅವಧಿ ಎಂಬುದೇ ಹೆಚ್ಚುಕಡಿಮೆ ಇಲ್ಲ. ಹತ್ತು ಸಾವಿರ ಅಡಿಗಿಂತ ಕೆಳಗಿರುವಾಗ ವಿಮಾನಗಳು ಸಾಮಾನ್ಯವಾಗಿ 250 ನಾಟ್, ಅಂದರೆ ಗಂಟೆಗೆ 463 ಕಿ.ಮೀ. ವೇಗವನ್ನು ಮೀರುವಂತಿಲ್ಲ. ಇನ್ನು ಇಳಿಯುವುದಕ್ಕೆ ಪೈಲಟ್‌ಗಳು ಬಾಯಿಲೆಕ್ಕದಲ್ಲಿ ಬಳಸುವ ಒಂದು ಸೂತ್ರವಿದೆ: ಕಳೆದುಕೊಳ್ಳಬೇಕಾದ ಪ್ರತಿ ಸಾವಿರ ಅಡಿ ಎತ್ತರಕ್ಕೆ ಮೂರು ನಾಟಿಕಲ್ ಮೈಲಿ. ವಿಮಾನ 24,000 ಅಡಿಗೆ ಏರಿತ್ತು ಎಂದುಕೊಂಡರೆ ಬಜ್ಪೆಗೆ 72 ನಾಟಿಕಲ್ ಮೈಲಿ, ಅಂದರೆ ಸುಮಾರು 133 ಕಿ.ಮೀ. ಇರುವಾಗಲೇ ಇಳಿಯಲು ಆರಂಭಿಸಬೇಕು. ಭೂಪಟ ತೆಗೆದು ಅಳೆದರೆ ಆ ಜಾಗ ಹೆಚ್ಚುಕಡಿಮೆ ಹಾಸನದ ನೇರಕ್ಕೆ ಬರುತ್ತದೆ. ದೇವನಹಳ್ಳಿಯಿಂದ ಏರುವುದಕ್ಕೂ ಸುಮಾರು ಅಷ್ಟೇ ದೂರ ಹಿಡಿದರೆ, ನಡುವೆ ಸಮನಾಗಿ ಹಾರಲು ಉಳಿಯುವುದು ಒಂದು ಹಿಡಿಯಷ್ಟು ಆಕಾಶ. ಸೀಟು ಪಟ್ಟಿಯ ದೀಪ ಆರಿತೆಂದು ಎದ್ದವರು ಶೌಚಾಲಯದ ಬಾಗಿಲು ಮುಟ್ಟುವುದರೊಳಗೆ ಮತ್ತೆ ದೀಪ ಹೊತ್ತಿಕೊಳ್ಳುವುದು ಇದೇ ಕಾರಣಕ್ಕೆ.

ದೂರ ಕಡಿಮೆಯಾದಷ್ಟೂ ವಿಮಾನ ನಿಧಾನವಾಗುತ್ತದೆ ಎಂಬ ಮಾತು ಕೇಳಲು ಅಸಂಬದ್ಧವೆನಿಸಬಹುದು. ಆದರೆ ಲೆಕ್ಕ ಹಾಗೆಯೇ ಇದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ 2021ರ ಜನವರಿಯಲ್ಲಿ ಏರ್ ಇಂಡಿಯಾದ ಮಹಿಳಾ ಸಿಬ್ಬಂದಿಯೇ ನಡೆಸಿ ತಂದ ಮೊದಲ ನೇರ ವಿಮಾನ ಉತ್ತರ ಧ್ರುವದ ಮಾರ್ಗವಾಗಿ ಬಂದದ್ದು ಬಹಳ ಮಂದಿಗೆ ನೆನಪಿರಬಹುದು. ಆ ಎರಡು ನಗರಗಳ ನೇರ ದೂರ ಸುಮಾರು 14,000 ಕಿ.ಮೀ., ಪ್ರಯಾಣದ ಹೊತ್ತು ಸುಮಾರು 17 ಗಂಟೆ. ಭಾಗಿಸಿದರೆ ಗಂಟೆಗೆ 820 ಕಿ.ಮೀ.ಗಿಂತ ಮೇಲೆ. ಬೆಂಗಳೂರು–ಮಂಗಳೂರು ಟಿಕೆಟ್ಟಿನ ಮೇಲೆ ಮುದ್ರಿತವಾಗಿರುವ ಒಂದು ಗಂಟೆಯನ್ನು ಹಿಡಿದರೆ ಅದೇ ಜಾತಿಯ ಯಂತ್ರದ ಸರಾಸರಿ ವೇಗ ಗಂಟೆಗೆ 306 ಕಿ.ಮೀ. ಮಾತ್ರ. ಭಾಗಾಕಾರ ಮಾಡುವ ಮಾಪಕ ಸ್ಯಾನ್ ಫ್ರಾನ್ಸಿಸ್ಕೋದ ವಿಷಯದಲ್ಲಿ ಚೆನ್ನಾಗಿಯೇ ಹೇಳುತ್ತದೆ, ಮಂಗಳೂರಿನ ವಿಷಯದಲ್ಲಿ ಮುಗ್ಗರಿಸುತ್ತದೆ. ಆದ್ದರಿಂದ ಒಂದು ಸಾಧನ ಒಳ್ಳೆಯದೋ ಕೆಟ್ಟದ್ದೋ ಎಂದು ಪರೀಕ್ಷಿಸಬೇಕಾದರೆ ದೂರದ ಊರುಗಳನ್ನು ಕೊಟ್ಟು ನೋಡಬಾರದು. ಹತ್ತಿರದ ಊರುಗಳನ್ನು ಕೊಟ್ಟು ನೋಡಬೇಕು.

ನನ್ನ ಪುಸ್ತಕದ ಪ್ರಕಾರ ಚಕ್ರ ನೆಲ ಬಿಟ್ಟ ಕ್ಷಣದಿಂದ ನೆಲ ಮುಟ್ಟಿದ ಕ್ಷಣದವರೆಗಿನ ಹೊತ್ತು ಏರ್‌ಬಸ್ 320ರಲ್ಲಿ ಅತಿ ಕಡಿಮೆ ಎಂದರೆ 34 ನಿಮಿಷ, ಸಾಮಾನ್ಯವಾಗಿ 38 ನಿಮಿಷ. ಪಂಖಗಳಿರುವ ಎಟಿಆರ್ 72 ವಿಮಾನದಲ್ಲಿ ಅದು 47 ನಿಮಿಷ. ಎಟಿಆರ್‌ನ ವೇಗ ಗಂಟೆಗೆ ಸುಮಾರು 500 ಕಿ.ಮೀ. ಇದ್ದು ಜೆಟ್‌ಗಿಂತ ಬಹಳ ಕಡಿಮೆಯಾದರೂ ಇಷ್ಟು ಸಣ್ಣ ಮಾರ್ಗದಲ್ಲಿ ಅದು ಕಳೆದುಕೊಳ್ಳುವುದು ಹತ್ತು ನಿಮಿಷವನ್ನಷ್ಟೆ. ಇಂಧನವನ್ನು ಕಡಿಮೆ ಕುಡಿಯುವ, ಎಪ್ಪತ್ತು ಚಿಲ್ಲರೆ ಮಂದಿಗೆ ಸಾಲುವ ಈ ವಿಮಾನವನ್ನು ಸಣ್ಣ ಮಾರ್ಗಗಳಿಗೆ ಏಕೆ ಬಿಡುತ್ತಾರೆ ಎಂಬುದು ಇದರಿಂದ ತಿಳಿಯುತ್ತದೆ. ಸದ್ದು ಹೆಚ್ಚು, ಮೋಡದಲ್ಲಿ ಕುಲುಕಾಟವೂ ಹೆಚ್ಚು. ಆದರೆ ಹಿಂದಿನ ಬಾಗಿಲಿನಿಂದ ನಾಲ್ಕೈದು ಮೆಟ್ಟಿಲು ಹತ್ತಿ ಒಳಗೆ ಹೋಗುವುದು, ರೆಕ್ಕೆಯ ಕೆಳಗೆ ಕುಳಿತು ನೆಲವನ್ನು ಯಾವ ಅಡ್ಡಿಯೂ ಇಲ್ಲದೆ ನೋಡುವುದು ಇವೆಲ್ಲ ನನಗೆ ಹಿಡಿಸಿದ ಸಂಗತಿಗಳು. ಕೆಳಗೆ ಹಾರುವುದರಿಂದ ಸಕಲೇಶಪುರದ ಆಚೆ ಘಟ್ಟದ ಕಾಡು ಇನ್ನಷ್ಟು ಹತ್ತಿರದಲ್ಲಿ ಕಾಣುತ್ತದೆ.

ಹಾರಾಟದ ಹೊತ್ತು ದಿನದಿಂದ ದಿನಕ್ಕೆ ಐದಾರು ನಿಮಿಷ ಏರುಪೇರಾಗುವುದಕ್ಕೆ ಗಾಳಿಯೂ ಕಾರಣ. ವಿಮಾನಗಳು ಗಾಳಿಗೆ ಎದುರಾಗಿ ಏರುತ್ತವೆ, ಎದುರಾಗಿಯೇ ಇಳಿಯುತ್ತವೆ. ದೇವನಹಳ್ಳಿಯ ಎರಡೂ ಓಡುಪಥಗಳು ಪೂರ್ವ–ಪಶ್ಚಿಮವಾಗಿವೆ. ಮುಂಗಾರಿನಲ್ಲಿ ಪಶ್ಚಿಮದ ಗಾಳಿ ಬೀಸುವಾಗ ವಿಮಾನ ಪಶ್ಚಿಮಕ್ಕೆ ಓಡಿ ಹಾರಿ ಮೂಗನ್ನು ನೇರವಾಗಿ ಮಂಗಳೂರಿನ ಕಡೆಗೆ ಇಟ್ಟುಕೊಳ್ಳುತ್ತದೆ. ಚಳಿಗಾಲದಲ್ಲಿ ಮೂಡಣ ಗಾಳಿ ಇದ್ದರೆ ಪೂರ್ವ ದಿಕ್ಕಿಗೆ ಹಾರಿ, ಅರ್ಧಚಂದ್ರಾಕಾರವಾಗಿ ಸುತ್ತಿ, ಬಿಟ್ಟ ನಿಲ್ದಾಣವನ್ನೇ ಮತ್ತೊಮ್ಮೆ ಕಿಟಕಿಯಲ್ಲಿ ತೋರಿಸಿ ಆಮೇಲೆ ಪಶ್ಚಿಮಕ್ಕೆ ಹೊರಡುತ್ತದೆ. ಯಾವ ಮಾಪಕವೂ ಈ ಸುತ್ತನ್ನು 306 ಕಿ.ಮೀ.ಗೆ ಸೇರಿಸುವುದಿಲ್ಲ.

ಟಿಕೆಟ್ಟಿನಲ್ಲಿ ಬರೆದಿರುವ ಒಂದು ಗಂಟೆ ಅಥವಾ ಒಂದು ಗಂಟೆ ಹತ್ತು ನಿಮಿಷ ಎಂಬುದು ಹಾರಾಟದ ಹೊತ್ತಲ್ಲ. ನಿಂತ ಜಾಗದಿಂದ ವಿಮಾನವನ್ನು ಹಿಂದಕ್ಕೆ ತಳ್ಳಿದ ಗಳಿಗೆಯಿಂದ ಆಚೆಯ ನಿಲ್ದಾಣದಲ್ಲಿ ಅದರ ಚಕ್ರಕ್ಕೆ ಅಡ್ಡಗಟ್ಟೆ ಇಡುವ ಗಳಿಗೆಯವರೆಗಿನ ಅವಧಿ ಅದು. ದೇವನಹಳ್ಳಿಯಂಥ ದೊಡ್ಡ ನಿಲ್ದಾಣದಲ್ಲಿ ಓಡುಪಥದ ತುದಿಯವರೆಗೆ ಉರುಳಿಕೊಂಡು ಹೋಗುವುದಕ್ಕೆ, ಮುಂದಿರುವ ನಾಲ್ಕಾರು ವಿಮಾನಗಳು ಏರುವವರೆಗೆ ಸಾಲಿನಲ್ಲಿ ನಿಲ್ಲುವುದಕ್ಕೆ ಹದಿನೈದು ಇಪ್ಪತ್ತು ನಿಮಿಷ ಹೋಗುವುದು ಸಹಜ. ಅದರ ಜೊತೆಗೆ ವಿಮಾನ ಸಂಸ್ಥೆಗಳು ತಮ್ಮ ಕ್ಷೇಮಕ್ಕೆಂದು ಇನ್ನಷ್ಟು ನಿಮಿಷಗಳನ್ನು ಒಳಗೇ ತುರುಕಿಟ್ಟಿರುತ್ತವೆ. ಹೊರಡುವುದು ಹತ್ತು ನಿಮಿಷ ತಡವಾದರೂ ತಲುಪುವುದು ಸರಿಯಾದ ಸಮಯಕ್ಕೆ ಆಗುತ್ತದೆ. ನಿಗದಿಗಿಂತ ಐದು ನಿಮಿಷ ಮೊದಲೇ ಇಳಿದಿದ್ದೇವೆ ಎಂಬ ಘೋಷಣೆಯನ್ನು ಕೇಳಿ ನಾವು ಕೃತಾರ್ಥರಾಗುತ್ತೇವೆ. ನಮ್ಮ ಊರಿನ ಮದುವೆಯ ಕರೆಯೋಲೆಯಲ್ಲಿ ಮುಹೂರ್ತವನ್ನು ಒಂದು ಗಂಟೆ ಮುಂಚಿತವಾಗಿ ಅಚ್ಚು ಹಾಕಿಸುವ ಯಜಮಾನರ ಜಾಣ್ಮೆಯೇ ಇಲ್ಲಿಯೂ ಇದೆ.

ಮದುವೆಯ ಮಾತು ಬಂದದ್ದರಿಂದ ಒಂದು ದೂರನ್ನೂ ದಾಖಲಿಸಬೇಕು. ಒಮ್ಮೆ ಬಂಟ್ವಾಳದ ಸಮೀಪದ ಮದುವೆಗೆಂದು ಬೆಳಗಿನ ಏಳು ಗಂಟೆಯ ವಿಮಾನಕ್ಕೆ ಟಿಕೆಟ್ ಕೊಂಡಿದ್ದೆ. ಹಿಂದಿನ ದಿನ ಸಂಜೆ ಮೊಬೈಲಿಗೆ ಒಂದು ಸಂದೇಶ ಬಂದು, ‘ಕಾರ್ಯಾಚರಣೆಯ ಕಾರಣ’ದಿಂದ ವಿಮಾನ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಹೊರಡುವುದಾಗಿ ತಿಳಿಸಿತು. ಹಣ ಮರಳಿ ಬೇಕಿದ್ದರೆ ಕೊಡುತ್ತೇವೆ ಎಂಬ ಸೌಜನ್ಯವೇನೋ ಇತ್ತು. ಆದರೆ ಅಷ್ಟು ಹೊತ್ತಿಗೆ ರಾತ್ರಿ ಬಸ್ಸಿನ ಸೀಟುಗಳೆಲ್ಲ ಭರ್ತಿಯಾಗಿದ್ದವು. ಮಧ್ಯಾಹ್ನ ನಾನು ಛತ್ರ ತಲುಪಿದಾಗ ಕೊನೆಯ ಪಂಕ್ತಿಗೆ ಪಾಯಸ ಬಡಿಸುತ್ತಿದ್ದರು. ಬೇರೆ ಸಂಸ್ಥೆಗಳ ಗ್ರಾಹಕರಿಂದಲೂ ಇಂಥದೇ ಕಥೆ ಕೇಳಿರುವುದರಿಂದ ಸಂಸ್ಥೆಯ ಹೆಸರಿನ ಅಗತ್ಯ ಇಲ್ಲಿಲ್ಲ. ಮುಹೂರ್ತ, ಪರೀಕ್ಷೆ, ನ್ಯಾಯಾಲಯದ ವಾಯಿದೆ ಮೊದಲಾದವಕ್ಕೆ ಅದೇ ದಿನದ ವಿಮಾನವನ್ನು ನಂಬಬಾರದು ಎಂಬ ಪಾಠ ಮಾತ್ರ ನನ್ನ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿದೆ.

ಈಗ ಬಾಗಿಲಿನಿಂದ ಬಾಗಿಲಿಗೆ ಹಿಡಿದ ಹೊತ್ತಿನ ಒಂದು ಮಾದರಿ. ವಾರದ ಸಾಮಾನ್ಯ ದಿನ, ಬೆಳಗ್ಗೆ 11.20ರ ವಿಮಾನ. ಚೀಲ ಒಪ್ಪಿಸುವ ಕೌಂಟರು ಸಾಮಾನ್ಯವಾಗಿ ವಿಮಾನದ ಸಮಯಕ್ಕೆ 60 ನಿಮಿಷ ಮೊದಲು ಮುಚ್ಚುತ್ತದೆ, ಒಳಗಿನ ದ್ವಾರ 25 ನಿಮಿಷ ಮೊದಲು ಮುಚ್ಚುತ್ತದೆ. ಹೆಬ್ಬಾಳದ ಮೇಲ್ಸೇತುವೆಯ ಬಳಿ ಏನಾಗುವುದೋ ಎಂಬ ಭಯದಿಂದ 7.45ಕ್ಕೇ ಮನೆ ಬಿಟ್ಟು, 9.20ಕ್ಕೆ ನಿಲ್ದಾಣ ತಲುಪಿದೆ. ಹೊರಡುವ ಮೊದಲು ವಿಮಾನ ಒಂದನೆಯ ಟರ್ಮಿನಲ್ಲಿನದೋ ಎರಡನೆಯದರದೋ ಎಂದು ನೋಡಿಕೊಳ್ಳುವುದನ್ನು ಮರೆಯಬಾರದು. ತಪ್ಪಿದರೆ ಮತ್ತೆ ಇಪ್ಪತ್ತು ನಿಮಿಷ ಹೋಗುತ್ತದೆ. ವಿಮಾನ ನೆಲ ಬಿಟ್ಟದ್ದು 11.38ಕ್ಕೆ, ಬಜ್ಪೆಯಲ್ಲಿ ನೆಲ ಮುಟ್ಟಿದ್ದು 12.16ಕ್ಕೆ, ಚೀಲ ಕೈಗೆ ಬಂದದ್ದು 12.40ಕ್ಕೆ. ಗುಡ್ಡದ ತಿರುವುಗಳನ್ನು ಇಳಿದು, ಸುಮಾರು 15 ಕಿ.ಮೀ. ಸಾಗಿ ಹಂಪನಕಟ್ಟೆಯಲ್ಲಿ ಟ್ಯಾಕ್ಸಿ ನಿಂತಾಗ 1.25. ಒಟ್ಟು ಐದು ಗಂಟೆ ನಲವತ್ತು ನಿಮಿಷದಲ್ಲಿ ಆಕಾಶದಲ್ಲಿದ್ದದ್ದು 38 ನಿಮಿಷ, ಅಂದರೆ ಒಂಬತ್ತರಲ್ಲಿ ಒಂದು ಪಾಲು. ಮನೆಯಿಂದ ದೇವನಹಳ್ಳಿಗೆ 43, ಆಕಾಶದಲ್ಲಿ 306, ಬಜ್ಪೆಯಿಂದ ಪೇಟೆಗೆ 15 ಎಂದು ಕೂಡಿಸಿದರೆ 364 ಕಿ.ಮೀ. ಆಗುತ್ತದೆ, ಶಿರಾಡಿ ಘಾಟಿಯ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಬೆಂಗಳೂರಿನಿಂದ ಮಂಗಳೂರಿಗೆ ಸುಮಾರು 350 ಕಿ.ಮೀ. ಹಾಗಾಗಿ ಹಕ್ಕಿಯ ದಾರಿಯಲ್ಲಿ ಹೋದವನೇ ಹೆಚ್ಚು ದೂರ ಹೋದಂತಾಯಿತು. ಸರಾಸರಿ ವೇಗ ಗಂಟೆಗೆ 64 ಕಿ.ಮೀ., ಒಬ್ಬ ಸಮಾಧಾನದ ಚಾಲಕ ಕಾರಿನಲ್ಲಿ ಕಾಯ್ದುಕೊಳ್ಳುವಷ್ಟು.

ಹಾಗೆಂದು ಆ 38 ನಿಮಿಷವನ್ನು ಹಗುರವಾಗಿ ಕಾಣಲಾರೆ. ನವೆಂಬರಿನಲ್ಲಿ, ಮಳೆ ತೊಳೆದು ಹೋದ ಆಕಾಶದಲ್ಲಿ, ಬೆಳಗಿನ ವಿಮಾನದ ಕಿಟಕಿಯ ಪಕ್ಕ ಕುಳಿತವರಿಗೆ ಕರ್ನಾಟಕದ ಅಡ್ಡಕೊಯ್ತವೇ ಕಾಣಸಿಗುತ್ತದೆ: ಮೊದಲು ಕೆರೆಗಳ ಚುಕ್ಕಿಗಳಿರುವ ಬಯಲು, ಆಮೇಲೆ ತೆಂಗಿನ ತೋಟಗಳ ಚೌಕಗಳು, ಎಡಕ್ಕೆ ಗೊರೂರಿನ ಹೇಮಾವತಿ ಜಲಾಶಯದ ಚಾಚಿದ ಬೆರಳುಗಳು, ಕಾಫಿಯ ನೆರಳಿನ ಕಡುಹಸಿರು. ನಂತರ ನೆಲ ಒಮ್ಮೆಲೇ ಕುಸಿದು ಬೀಳುತ್ತದೆ. ಘಟ್ಟದ ಅಂಚಿನಲ್ಲಿ ಬಲಕ್ಕೆ ಕುದುರೆಮುಖದ ಸಾಲು ನಿಂತಿರುತ್ತದೆ, ಕೆಳಗೆ ಅಡಕೆ ತೋಟಗಳು ಕಣಿವೆಗಳಲ್ಲಿ ಹರಿದ ಹಾಗೆ ಕಾಣುತ್ತವೆ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಯವರೆಗಿನ ರೈಲುಮಾರ್ಗ ಇದೇ ಕುಸಿತವನ್ನು 55 ಕಿ.ಮೀ. ಉದ್ದಕ್ಕೆ, 57 ಸುರಂಗಗಳಲ್ಲಿ, ನೂರಕ್ಕೂ ಹೆಚ್ಚು ಸೇತುವೆಗಳ ಮೇಲೆ, ಗಂಟೆಗೆ 30 ಕಿ.ಮೀ. ವೇಗದಲ್ಲಿ ಎರಡು ಗಂಟೆಗೂ ಮಿಕ್ಕಿ ಇಳಿಯುತ್ತದೆ. ವಿಮಾನದಲ್ಲಿ ಅದು ಐದು ನಿಮಿಷದ ಮಾತು. ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದವರಿಗೆ ಘಟ್ಟ ದಾಟಿದ್ದೇ ತಿಳಿಯುವುದಿಲ್ಲ.

ಬಜ್ಪೆಯಲ್ಲಿ ಇಳಿಯುವುದು ಈ ಪ್ರಯಾಣದ ಅತ್ಯಂತ ಗಂಭೀರ ಭಾಗ. 1951ರಲ್ಲಿ ಆರಂಭವಾದ ಈ ನಿಲ್ದಾಣ ಗುಡ್ಡದ ತಲೆಯನ್ನು ಮಟ್ಟ ಮಾಡಿ ಕಟ್ಟಿದ್ದು. 2006ರಲ್ಲಿ ಬಳಕೆಗೆ ಬಂದ ಮುಖ್ಯ ಓಡುಪಥದ ಉದ್ದ 2,450 ಮೀಟರು, ದೇವನಹಳ್ಳಿಯದಾದರೆ 4,000 ಮೀಟರು. ಓಡುಪಥದ ತುದಿಯಾಚೆ ಕಣಿವೆ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಅದೇ ತುದಿಯನ್ನು ದಾಟಿ ಕೆಳಗೆ ಬಿದ್ದು 158 ಮಂದಿ ತೀರಿಕೊಂಡರು, ಉಳಿದವರು ಎಂಟೇ ಮಂದಿ. ಕರಾವಳಿಯಲ್ಲಿ ಆ ದಿನವನ್ನು ಮರೆತ ಮನೆಗಳು ಕಡಿಮೆ. ಹೀಗಿರುವಾಗ ಜುಲೈಯ ಮಳೆಯಲ್ಲಿ ನಿಗದಿತ ಎತ್ತರಕ್ಕೆ ಇಳಿದರೂ ಓಡುಪಥದ ದೀಪಗಳು ಕಾಣಲಿಲ್ಲವೆಂದು ಪೈಲಟ್ ಮತ್ತೆ ಮೇಲಕ್ಕೇರಿಸಿದರೆ ಅದನ್ನು ಸೇವೆಯ ಕೊರತೆಯೆಂದು ಎಣಿಸುವುದು ತಪ್ಪು. ಒಮ್ಮೆ ನಮ್ಮ ವಿಮಾನ ಹಾಗೆ ಮೇಲೇರಿ, ಸಮುದ್ರದ ಮೇಲೆ ಸುತ್ತುತ್ತಿದ್ದು, ಎರಡನೆಯ ಪ್ರಯತ್ನದಲ್ಲಿ ಇಳಿಯಿತು; ಅಂದಿನ ಹಾರಾಟದ ಹೊತ್ತು 58 ನಿಮಿಷ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಕಟೀಲಿನ ಅಮ್ಮನವರನ್ನು ನೆನೆಯುತ್ತಿದ್ದರು, ನಾನು ಗಡಿಯಾರವನ್ನು ನೋಡುತ್ತಿದ್ದೆ. ಅವರ ಆಯ್ಕೆಯೇ ಹೆಚ್ಚು ವಿವೇಕದ್ದೆಂದು ಇಳಿದ ಮೇಲೆ ಅನಿಸಿತು. ಎರಡನೆಯ ಪ್ರಯತ್ನವೂ ಆಗದಿದ್ದರೆ ವಿಮಾನವನ್ನು ಕಣ್ಣೂರಿಗೋ ಕೊಚ್ಚಿಗೋ ಒಯ್ಯುತ್ತಾರೆ, ಇಲ್ಲವೇ ಬೆಂಗಳೂರಿಗೇ ಮರಳಿ ತರುತ್ತಾರೆ. ಮಳೆಗಾಲದಲ್ಲಿ ಈ ಸಾಧ್ಯತೆಯನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು.

ಆದರೆ ವಿಮಾನದ ಬೆಲೆ ತಿಳಿಯುವುದೂ ಅದೇ ಮಳೆಗಾಲದಲ್ಲಿ. 2018ರ ಆಗಸ್ಟಿನ ಮಳೆಗೆ ಘಟ್ಟಗಳು ಜಾರಿ ರಸ್ತೆ, ರೈಲು ಎರಡೂ ವಾರಗಟ್ಟಲೆ ನಿಂತವು. 2024ರ ಜುಲೈಯಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿಯ ನಡುವೆ ಹಳಿಯ ಕೆಳಗಿನ ಮಣ್ಣು ಜರಿದು ರೈಲುಗಳು ನಿಂತವು, ಸಕಲೇಶಪುರದ ದೊಡ್ಡತಪ್ಲೆಯಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿಯಿತು. ಅಂಥ ದಿನಗಳಲ್ಲಿ ನೆಲದ ಮೇಲಿನ 350 ಕಿ.ಮೀ. ಎಂಬ ಸಂಖ್ಯೆಗೆ ಅರ್ಥವೇ ಉಳಿಯುವುದಿಲ್ಲ. ಟಿಕೆಟ್ ದರವೂ ಈ ಸತ್ಯವನ್ನು ಬೇಗ ಅರಿತುಕೊಳ್ಳುತ್ತದೆ. ನಾನು ಕೊಟ್ಟ ಅತಿ ಕಡಿಮೆ ದರ ಎರಡು ಸಾವಿರದ ನಾನ್ನೂರು ರೂಪಾಯಿ, ದೀಪಾವಳಿಯ ಹಿಂದಿನ ದಿನ ಕೊಟ್ಟದ್ದು ಏಳು ಸಾವಿರಕ್ಕೂ ಮೇಲೆ. ಹಾರಿದ ದೂರ ಎರಡು ಸಲವೂ ಅದೇ 306 ಕಿ.ಮೀ.

ಸಾಮಾನಿನ ಬಗ್ಗೆ ಎರಡು ಮಾತು. ಒಪ್ಪಿಸುವ ಚೀಲ 15 ಕಿಲೋ, ಕೈಚೀಲ 7 ಕಿಲೋ ಎಂಬ ಮಿತಿ ಊರಿಗೆ ಹೋಗುವಾಗ ಸಾಕಾಗುತ್ತದೆ, ಊರಿನಿಂದ ಬರುವಾಗ ಸಾಕಾಗುವುದಿಲ್ಲ. ಕುಚ್ಚಲಕ್ಕಿ, ಹಪ್ಪಳ, ಉಪ್ಪಿನಕಾಯಿಯ ಭರಣಿ, ಒಂದು ಹಲಸಿನ ಹಣ್ಣು ಎನ್ನುವಷ್ಟರಲ್ಲಿ ತಕ್ಕಡಿಯ ಮುಳ್ಳು ಮಿತಿ ದಾಟಿರುತ್ತದೆ. ಒಣ ಕೊಬ್ಬರಿಗಂತೂ ವಿಮಾನದಲ್ಲಿ ಪ್ರವೇಶವೇ ಇಲ್ಲ. ಎಣ್ಣೆಯಂಶ ಹೆಚ್ಚಿರುವ ಕಾರಣ ಅದು ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಪಟ್ಟಿಯಲ್ಲಿದೆ. ಇದನ್ನು ನನ್ನ ತಾಯಿಗೆ ಇನ್ನೂ ನಂಬಿಸಲು ಆಗಿಲ್ಲ.

ಬಸ್ಸಿನೊಂದಿಗೆ ಹೋಲಿಸುವಾಗ ಬಹಳ ಮಂದಿ ಎಂಟು ಗಂಟೆಗೂ ಒಂದು ಗಂಟೆಗೂ ತಾಳೆ ಹಾಕುತ್ತಾರೆ. ನಿಜವಾಗಿ ತಾಳೆ ಹಾಕಬೇಕಾದದ್ದು ಮಲಗಿ ಕಳೆದ ಎಂಟು ಗಂಟೆಗೂ ಎಚ್ಚರವಾಗಿದ್ದು ಕಳೆದ ಐದೂವರೆ ಗಂಟೆಗೂ. ರಾತ್ರಿ ಹತ್ತೂವರೆಗೆ ಬಸ್ಸು ಹತ್ತಿದರೆ, ಕೆಎಸ್‌ಆರ್‌ಟಿಸಿಯ ಅಂಬಾರಿ ಉತ್ಸವದಂಥ ಮಲಗುವ ಬಸ್ಸುಗಳಲ್ಲಿ ಸಕಲೇಶಪುರದ ತಿರುವುಗಳು ಶುರುವಾಗುವವರೆಗಾದರೂ ಒಳ್ಳೆಯ ನಿದ್ದೆ ಬರುತ್ತದೆ. ಇನ್ನೊಂದು ಸಂಗತಿ, ಹೆದ್ದಾರಿ ಮಂಗಳೂರನ್ನು ತಲುಪುವ ಮೊದಲು ನೆಲ್ಯಾಡಿ, ಉಪ್ಪಿನಂಗಡಿ, ಮಾಣಿ, ಬಿ.ಸಿ. ರೋಡುಗಳನ್ನು ದಾಟಿ ಹೋಗುತ್ತದೆ. ನನ್ನ ಊರಿನವನು ನಸುಕಿನ ಐದರ ಸುಮಾರಿಗೆ ಉಪ್ಪಿನಂಗಡಿಯಲ್ಲಿ ಇಳಿದು, ಮೊದಲ ಚಹಾದಂಗಡಿ ತೆರೆಯುವುದರೊಳಗೆ ಮನೆ ಸೇರಬಹುದು. ವಿಮಾನದಲ್ಲಿ ಬಂದವನು ತನ್ನ ಊರಿನ ನೆತ್ತಿಯ ಮೇಲೆಯೇ ಹಾರಿ ಬಜ್ಪೆಯಲ್ಲಿ ಇಳಿದು, ಕೈಕಂಬ, ಬಿ.ಸಿ. ರೋಡು, ಮಾಣಿ ಎಂದು ಬಂದ ದಿಕ್ಕಿಗೇ ಅರುವತ್ತು ಕಿಲೋಮೀಟರು ಹಿಂದಕ್ಕೆ ಬರಬೇಕು. ಪುತ್ತೂರು, ಬೆಳ್ತಂಗಡಿ, ಸುಳ್ಯದವರಿಗೂ ಲೆಕ್ಕ ಸುಮಾರಾಗಿ ಇದೇ. ರೈಲು ನಿಧಾನ, ಆದರೆ ಹಗಲಿನದಾದರೆ, ಅದರಲ್ಲೂ 2021ರಿಂದ ಜೋಡಿಸಿರುವ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿಯಾದರೆ, ಅದನ್ನು ಹೊತ್ತಿನಿಂದ ಅಳೆಯುವುದೇ ಸರಿಯಲ್ಲ.

ಉಡುಪಿಯ ಲೆಕ್ಕವೇ ಬೇರೆ. ಅಲ್ಲಿಗೆ ಬೆಂಗಳೂರಿನಿಂದ ಬಸ್ಸಿನಲ್ಲಿ ಒಂಬತ್ತು ಹತ್ತು ಗಂಟೆ ಬೇಕು. ಬಜ್ಪೆಯ ನಿಲ್ದಾಣ ಮಂಗಳೂರು ಪೇಟೆಯ ಈಶಾನ್ಯಕ್ಕೆ ಇರುವುದರಿಂದ ಪೇಟೆಯ ದಟ್ಟಣೆಗೆ ಸಿಲುಕದೆ ಕಟೀಲು, ಕಿನ್ನಿಗೋಳಿ, ಮೂಲ್ಕಿಯ ಮಾರ್ಗವಾಗಿ ಹೆದ್ದಾರಿ ಸೇರಿ ಒಂದೂವರೆ ಗಂಟೆಯಲ್ಲಿ ಉಡುಪಿ ಮುಟ್ಟಬಹುದು. ಒಮ್ಮೆ ಬೆಳಗ್ಗೆ ಆರು ಗಂಟೆಗೆ ಫೋನು ಬಂದು, ಮಾವನವರನ್ನು ಮಣಿಪಾಲದ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದು ತಿಳಿಯಿತು. ಹತ್ತು ಗಂಟೆಯ ವಿಮಾನಕ್ಕೆ ಸಿಕ್ಕಿದ ಕೊನೆಯ ಎರಡು ಸೀಟುಗಳಲ್ಲಿ, ಒಂದು ಮುಂದೆ ಒಂದು ಹಿಂದೆ, ಕುಳಿತು ಹೊರಟ ನಾವು ಮಧ್ಯಾಹ್ನ ಒಂದು ಗಂಟೆಗೆ ಅವರ ಹಾಸಿಗೆಯ ಪಕ್ಕದಲ್ಲಿದ್ದೆವು. ಕಾರಿನಲ್ಲಿ ಹೊರಟಿದ್ದರೆ ಆ ಹೊತ್ತಿಗೆ ಹೆಚ್ಚೆಂದರೆ ಶಿರಾಡಿಯಲ್ಲಿ ಯಾವುದೋ ಟ್ಯಾಂಕರಿನ ಹಿಂದೆ ಇರುತ್ತಿದ್ದೆವು. ಅಂದಿನ ಟಿಕೆಟ್ಟಿಗೆ ಎಷ್ಟು ಕೊಟ್ಟೆ ಎಂಬುದನ್ನು ಪುಸ್ತಕದಲ್ಲಿ ಬರೆದಿಲ್ಲ.

ಉಡುಪಿ, ಕುಂದಾಪುರ, ಮೂಡುಬಿದಿರೆ, ಮಂಗಳೂರು ಪೇಟೆ ಇಷ್ಟಕ್ಕೆ, ಮತ್ತು ಬೆಂಗಳೂರಿನಲ್ಲಿ ಹೆಬ್ಬಾಳದ ಆಚೆ, ಯಲಹಂಕದ ಕಡೆ ಮನೆಯಿರುವವರಿಗೆ ಈ ವಿಮಾನಯಾನವನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ನವೆಂಬರಿನಿಂದ ಫೆಬ್ರವರಿಯ ನಡುವೆ ಹೋಗುವುದಾದರೆ ಬಲಗಡೆಯ ಕಿಟಕಿಯನ್ನು ಕೇಳಿ ಪಡೆಯಬೇಕು, ಚೀಲ ಕೈಯಲ್ಲೇ ಇರುವಷ್ಟು ಸಣ್ಣದಾಗಿದ್ದರೆ ಅರ್ಧ ಗಂಟೆ ಉಳಿಯುತ್ತದೆ. ಮುಂದಿನ ತಿಂಗಳು ತಂದೆಯ ತಿಥಿಗೆ ಉಪ್ಪಿನಂಗಡಿಗೆ ಹೋಗುವುದಿದೆ. ರಾತ್ರಿ ಹತ್ತೂವರೆಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.